ಹಸಿರು ಸುಣ್ಣ ಹೊಡೆಸಿದ ವರ್ಷ

ಆ ಪಾಠ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಕರಾರು ತೆಗೆಯಬಾರದು. ಹತ್ತನೇ ತರಗತಿಯ ಭೂಗೋಳದಲ್ಲಿ ಖಂಡಗಳ ಅಲೆತ ಅಂತ ಒಂದು ಸಣ್ಣ ಪಾಠವಿತ್ತು. ಬಿಂಡಿಗನವಿಲೆ ಕಡೆಯ ನಮ್ಮೂರಿನ ಹೈಸ್ಕೂಲಿನಲ್ಲಿ ಅದನ್ನು ವರ್ಷ ವರ್ಷವೂ ನಾನೇ ಮಾಡಿಕೊಂಡು ಬಂದಿದ್ದೆ. ದಕ್ಷಿಣ ಅಮೆರಿಕವನ್ನೂ ಆಫ್ರಿಕವನ್ನೂ ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದೆ. ಎರಡನ್ನೂ ಬೋರ್ಡಿನ ಮೇಲೆ ಜೋಡಿಸಿ ಹಿಡಿದರೆ ಮಕ್ಕಳು ಹೋ ಎನ್ನುತ್ತಿದ್ದವು. ಒಂದು ಕಾಲಕ್ಕೆ ಇದೆಲ್ಲ ಒಂದೇ ನೆಲವಾಗಿತ್ತು, ನಮ್ಮ ಇಂಡಿಯಾ ಕೂಡ ಆಫ್ರಿಕದ ಮಗ್ಗುಲಲ್ಲೇ ಮಲಗಿತ್ತು, ಆಮೇಲೆ ಒಡೆದು ದಿಕ್ಕಿಗೊಂದು ಹೋದವು, ಹುಟ್ಟುತ್ತಾ ಅಣ್ಣತಮ್ಮಂದಿರು ಬೆಳೆಯುತ್ತಾ ದಾಯಾದಿಗಳು ನೋಡಿ, ಎಂದು ಹೇಳಿ ಮುಗಿಸುತ್ತಿದ್ದೆ. ಗಾದೆಗೆ ಮಕ್ಕಳು ನಗುತ್ತಿದ್ದವು. ಪರೀಕ್ಷೆಯಲ್ಲಿ ಆ ಪಾಠದಿಂದ ಒಂದು ಸಣ್ಣ ಪ್ರಶ್ನೆ ಬರುತ್ತಿತ್ತು, ಕೆಲವು ಸಲ ಅದೂ ಇಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಆ ವರ್ಷ ನನ್ನ ಮಗಳೇ ಆ ತರಗತಿಯಲ್ಲಿದ್ದಳು. ಶಾಲೆಯಲ್ಲಿ ನನ್ನನ್ನು ಮಿಸ್ ಅನ್ನಬೇಕು, ಗೇಟು ದಾಟಿದ ಮೇಲೆ ಅವ್ವ, ಹಾಗೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಗಾದೆ ಹೇಳಿ ಪುಸ್ತಕ ಮುಚ್ಚುವ ಹೊತ್ತಿಗೆ ಅವಳು ಎದ್ದು ನಿಂತಳು.

"ಬೇರೆ ಆದವು ಅಂದ್ರಿ ಮಿಸ್. ಯಾವಾಗ ಬೇರೆ ಆದವು ಅಂತ ಹೆಂಗೆ ಗೊತ್ತಾಯ್ತು? ಯಾರು ನೋಡಿದ್ರು?"

ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಎಂದಿತ್ತೇ ಹೊರತು ಅದನ್ನು ಹೇಗೆ ಕಂಡುಹಿಡಿದರು ಎಂದಿರಲಿಲ್ಲ. ಬೇರೆ ಯಾರ ಮಕ್ಕಳಾದರೂ ಕೇಳಿದ್ದರೆ ನಾಳೆ ಹೇಳುತ್ತೇನೆ ಎಂದು ಜಾರಿಕೊಳ್ಳುತ್ತಿದ್ದೆ. ಹೊಟ್ಟೆಯಲ್ಲಿ ಹುಟ್ಟಿದ್ದೇ ನಲವತ್ತು ಮಕ್ಕಳ ಮುಂದೆ ಎದ್ದು ನಿಂತು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

"ವಿಜ್ಞಾನಿಗಳು ಕಂಡುಹಿಡಿದವ್ರೆ. ನೀನು ಅಧಿಕಪ್ರಸಂಗ ಮಾಡ್ಬೇಡ, ಕೂತ್ಕೋ" ಎಂದೆ. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ಅವಳು ಕೂತಳು. ಆಮೇಲೆ ಆ ವರ್ಷವೆಲ್ಲ ನನ್ನ ಪಾಠದಲ್ಲಿ ಅವಳು ಮತ್ತೆ ಎದ್ದು ನಿಲ್ಲಲಿಲ್ಲ. ಸದ್ಯ, ಬುದ್ಧಿ ಬಂತು ಎಂದುಕೊಂಡೆ.

ಬುದ್ಧಿ ಬಂದಿರಲಿಲ್ಲ. ಅದೇ ಸಂಜೆ ಆ ಪ್ರಶ್ನೆಯನ್ನು ಎತ್ತಿಕೊಂಡು ಹೋಗಿ ಅವಳ ಚಿಕ್ಕವ್ವನ ಮುಂದೆ ಇಟ್ಟಳು.

ಚಿಕ್ಕವ್ವ ಎಂದರೆ ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ನಮ್ಮದೇ ಹೈಸ್ಕೂಲಿನ ವಿಜ್ಞಾನದ ಮೇಡಂ. ಅವಳ ವಿಷಯಕ್ಕೆ ಬಂದರೆ ನನ್ನ ಕೈ ಈಗಲೂ ಸ್ವಲ್ಪ ಬಿರುಸಾಗಿ ಓಡುತ್ತದೆ, ಓದುವವರು ಕ್ಷಮಿಸಬೇಕು.

ನಾನು ಶ್ರೀರಂಗಪಟ್ಟಣದ ಕಡೆಯವಳು. ನಾಲೆ ನೀರು ಕುಡಿದು, ಗದ್ದೆ ಬದುವಿನ ಮೇಲೆ ನಡೆದು ಬೆಳೆದವಳನ್ನು ಮಳೆ ಬಂದರೆ ರಾಗಿ ಬಾರದಿದ್ದರೆ ಹುರುಳಿ ಎನ್ನುವ ಈ ಸೀಮೆಗೆ ಕೊಟ್ಟರು. ಬಂದ ಹೊಸದರಲ್ಲಿ ಅತ್ತಿದ್ದೂ ಉಂಟು. ಆದರೆ ಒಂದು ಸುಖವಿತ್ತು. ಆ ಮನೆತನದಲ್ಲಿ ಸಂಬಳ ತರುವ ಸೊಸೆ ನಾನೊಬ್ಬಳೇ. ಅಂಗಳಕ್ಕೆ ಯಾರೇ ಬಂದರೂ ಅತ್ತೆ "ನಮ್ಮ ಮೇಷ್ಟ್ರಮ್ಮ" ಎಂದು ನನ್ನನ್ನು ತೋರಿಸುತ್ತಿದ್ದರು. ಯಾವ ಹೆಣ್ಣು ತರಬೇಕು, ಯಾವ ಎಮ್ಮೆ ಮಾರಬೇಕು, ಯುಗಾದಿಗೆ ಸುಣ್ಣದ ಜೊತೆ ಯಾವ ಬಣ್ಣ ಕಲಸಬೇಕು, ಎಲ್ಲಕ್ಕೂ "ಮೇಷ್ಟ್ರಮ್ಮ ಏನಂತಾಳೋ ಕೇಳ್ರಪ್ಪ" ಎನ್ನುತ್ತಿದ್ದರು. ಮೈದುನನಿಗೆ ಕೆ.ಆರ್.ಪೇಟೆ ಕಡೆಯ ಈ ಹೆಣ್ಣನ್ನು ತರಬೇಕೋ ಬೇಡವೋ ಎಂದು ಕೇಳಿದಾಗ ತರ್ರಿ ಎಂದವಳೂ ನಾನೇ. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಅವಳು ಬಿ.ಎಸ್ಸಿ. ಓದಿ ಬಿ.ಎಡ್. ಮಾಡಿದ್ದಳು. ನಾನು ಬಿ.ಎ. ಅಷ್ಟಕ್ಕೇ ನಿಂತಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕಟ್ಟಿದ ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದರೆ ಕೇಳಿ. ಅವಳು ನಕ್ಕರೆ ಬೀದಿಯ ಕೊನೆಯ ಮನೆಯವರೂ ಯಾಕವ್ವ ನಗ್ತಾವ್ಳೆ ಎಂದು ನಗುತ್ತಿದ್ದರು. ನಮ್ಮ ಎಮ್ಮೆ ಕೂಡ ನಾನು ಕೂತರೆ ಕಾಲು ಝಾಡಿಸುವುದು, ಅವಳು ಕೂತರೆ ಕಣ್ಣು ಮುಚ್ಚಿಕೊಂಡು ಒಂದು ಪಾವು ಜಾಸ್ತಿ ಇಳಿಸುವುದು. ಎಮ್ಮೆಗೂ ಬಿ.ಎಸ್ಸಿ.ಯೇ ಬೇಕಾಗಿತ್ತು. ಕೆಲವು ವರ್ಷ ಬೇರೆ ಊರಿನಲ್ಲಿ ಕೆಲಸ ಮಾಡಿ, ಆಮೇಲೆ ವರ್ಗ ಮಾಡಿಸಿಕೊಂಡು ನಮ್ಮ ಶಾಲೆಗೇ ಬಂದಳು. ನನ್ನ ಬ್ಯಾಗು ಹೊರಲು ಪೈಪೋಟಿ ಮಾಡುತ್ತಿದ್ದ ಮಕ್ಕಳು ಒಂದೇ ತಿಂಗಳಲ್ಲಿ ಅವಳ ಹಿಂದೆ ಹೋದವು.

ಮಕ್ಕಳಾಗಲಿಲ್ಲ ಅವಳಿಗೆ. ಅದಕ್ಕೆ ನಾನು ಮರುಗಬೇಕಿತ್ತು, ಮರುಗಿಯೂ ಇದ್ದೆ. ನನ್ನ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕುವುದನ್ನೂ, ಮಗಳು ಅವಳ ತೊಡೆಯ ಮೇಲೆ ತಲೆ ಇಟ್ಟು ಕತೆ ಕೇಳುವುದನ್ನೂ ನೋಡಿದ ಮೇಲೆ ಆ ಮರುಕವೆಲ್ಲ ಹಾರಿಹೋಯಿತು.

ನಮ್ಮದು ಉದ್ದನೆಯ ಹಳೇ ಹೆಂಚಿನ ಮನೆ. ಮಧ್ಯದಲ್ಲಿ ದೊಡ್ಡ ನಡುಮನೆ, ಅದರ ಹಿಂಭಾಗಕ್ಕೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಮಣ್ಣಿನ ಗೋಡೆ. ಬಾವಿಯ ಪಂಪಿನ ನೀರು ಯಾರ ಹೊಲಕ್ಕೆ ಮೊದಲು ಎಂಬ ಜಗಳದಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಹಾಗಂತ ಊರೆಲ್ಲ ಹೇಳುತ್ತದೆ, ನಾನೂ ಹಾಗೇ ಹೇಳುತ್ತಿದ್ದೆ. ನಡುಮನೆಯ ನಟ್ಟನಡುವೆ ಇಟ್ಟಿಗೆಯ ಅಡ್ಡಗೋಡೆ ಎದ್ದಿತು. ಈ ಕಡೆ ನಾವು, ಆ ಕಡೆ ಅವರು. ಇಟ್ಟಿಗೆ ಸಾಲದೆ ಬಂದು ಅಡ್ಡಗೋಡೆ ಆಳೆತ್ತರಕ್ಕೆ ನಿಂತುಬಿಟ್ಟಿತು, ಅಲ್ಲಿಂದ ಮೇಲೆ ಹೆಂಚಿನವರೆಗೂ ಖಾಲಿ. ಅವರ ಮನೆಯ ಒಗ್ಗರಣೆ ನಮ್ಮ ಮನೆಯಲ್ಲಿ ಘಮ್ಮೆನ್ನುತ್ತಿತ್ತು. ಅವರ ಮಾತೂ ಅಷ್ಟೆ.

ಹಾಗಾಗಿ ಆ ಸಂಜೆ ನಾನು ಕಿವಿ ಕೊಟ್ಟು ಕೇಳಿದೆ ಎಂದು ಯಾರೂ ತಿಳಿಯಬಾರದು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ, ಮಾತು ತಾನಾಗಿ ಗೋಡೆ ಹತ್ತಿ ಬಂತು.

"ಸಮುದ್ರದ ತಳದ ಮಧ್ಯೆ ಉದ್ದಕ್ಕೂ ನೆಲ ಸೀಳ್ಕಂಡದೆ ಕಣವ್ವ" ಎನ್ನುತ್ತಿದ್ದಳು ಅವಳು. "ಅಲ್ಲಿಂದ ಕರಗಿದ ಕಲ್ಲು ಮೇಲಕ್ಕೆ ಬತ್ತದೆ, ತಣ್ಣಗಾಗಿ ಗಟ್ಟಿಯಾಯ್ತದೆ. ಆಮೇಲೆ ಕೆಳಗಿಂದ ಇನ್ನೊಂದಷ್ಟು ಬತ್ತದೆ, ಮೊದಲು ಬಂದದ್ದ ಎರಡು ಕಡೆಗೂ ತಳ್ಳತದೆ. ಅಂಗೇ ಸಮುದ್ರ ಅಗಲ ಆಯ್ತಾ ಓಯ್ತದೆ. ನಿನ್ನ ಉಗುರು ಬೆಳೆಯೋಷ್ಟು ನಿಧಾನಕ್ಕೆ."

"ಅದು ಸರಿ. ಯಾವಾಗ ಅಂತ ಹೆಂಗೆ?"

"ಯೋಳ್ತೀನಿ ತಡಿ. ಆ ಕಲ್ಲಲ್ಲಿ ಕಬ್ಬಿಣದ ಕಣ ಇರ್ತವೆ. ತಣ್ಣಗಾಗೋವಾಗ ದಿಕ್ಸೂಚಿ ಮುಳ್ಳಿನಂಗೆ ಉತ್ತರಕ್ಕೆ ತಿರುಗಿ ಅಂಗೇ ಗಟ್ಟಿಯಾಗಿ ನಿಂತ್ಕತವೆ. ಭೂಮಿಯ ಅಯಸ್ಕಾಂತ ಆಗಾಗ ತಲೆಕೆಳಗಾಯ್ತದೆ, ಉತ್ತರ ಅನ್ನೋದು ದಕ್ಷಿಣ ಆಯ್ತದೆ. ಆವಾಗ ಬಂದ ಕಲ್ಲಲ್ಲಿ ಕಣಗಳೂ ಉಲ್ಟಾ. ಇಂಗೆ ಸಮುದ್ರದ ತಳದಲ್ಲಿ ಒಂದು ನೆಟ್ಟಗೆ ಒಂದು ಉಲ್ಟಾ ಪಟ್ಟೆ ಬಿದ್ದವೆ. ಸೀಳಿಂದ ಈ ಕಡೆ ಎಂಗೋ ಆ ಕಡೇನೂ ಅಂಗೇ, ಸೀರೆಯ ಎರಡು ಅಂಚಿನಂಗೆ. ದಡಕ್ಕೆ ಅಂಟ್ಕಂಡಿರೋ ಪಟ್ಟೆ ಎಲ್ಲಕ್ಕಿಂತ ಹಳೇದು. ಅದರ ವಯಸ್ಸು ಸಿಕ್ಕಿದ್ರೆ ಸಮುದ್ರ ಯಾವಾಗ ಹುಟ್ತು ಅಂತ ಸಿಕ್ತು."

"ಕಲ್ಲಿಗೆ ವಯಸ್ಸು ಯೋಳೋರ್ಯಾರು?"

ಅವಳು ನಕ್ಕಳು. ಆ ನಗು ಕೇಳಿ ನನ್ನ ಕೈಯಲ್ಲಿದ್ದ ಕಲ್ಲು ಅಕ್ಕಿಗೇ ಬಿತ್ತು.

"ಕಲ್ಲೇ ಯೋಳ್ತದೆ. ಅದರೊಳಗೆ ಒಂದು ಬಗೆ ಪೊಟ್ಯಾಸಿಯಂ ಇರ್ತದೆ. ಅದು ತನ್ನಷ್ಟಕ್ಕೆ ತಾನು ಆರ್ಗಾನ್ ಅನ್ನೋ ಅನಿಲ ಆಯ್ತಾ ಓಯ್ತದೆ. ಎಷ್ಟು ಕಾಲಕ್ಕೆ ಎಷ್ಟು ಅಂತ ಲೆಕ್ಕ ಅದೆ, ಅದು ತಪ್ಪಲ್ಲ. ಕಲ್ಲು ಕರಗಿದ್ದಾಗ ಅನಿಲ ಆಚೆಗೆ ಓಡೋಯ್ತದೆ. ಗಟ್ಟಿಯಾದ ಮೇಲೆ ಒಳಗೇ ಸಿಕ್ಕಾಕತದೆ. ಒಳಗೆ ಎಷ್ಟು ಸಿಕ್ಕಾಕಂಡದೆ ಅಂತ ಅಳೆದ್ರೆ ಗಟ್ಟಿಯಾಗಿ ಎಷ್ಟು ಕಾಲ ಆಯ್ತು ಅಂತ ಗೊತ್ತಾಯ್ತದೆ. ಮಲ್ಪೆ ಹತ್ರ ಸಮುದ್ರದಲ್ಲಿ ಒಂದು ದ್ವೀಪ ಅದೆ, ಕಂಬ ಕಂಬ ನಿಲ್ಲಿಸಿದಂಗೆ ಕಲ್ಲು. ನಾನು ಓದೋವಾಗ ಟೂರಲ್ಲಿ ನೋಡಿದ್ದೆ. ನಾವೂ ಮಡಗಾಸ್ಕರೂ ಬೇರೆ ಆಗೋ ಕಾಲದಲ್ಲಿ ಉಕ್ಕಿದ ಕಲ್ಲಂತೆ ಅದು. ಒಂಬತ್ತು ಕೋಟಿ ವರ್ಷದ ಆಸುಪಾಸು."

ನಮ್ಮದೇ ರಾಜ್ಯದ ಕಲ್ಲು! ನಾನು ಇಷ್ಟು ವರ್ಷ ಅಮೆರಿಕ ಆಫ್ರಿಕ ಅಂತ ರಟ್ಟು ಹಿಡಿದುಕೊಂಡು ಕುಣಿದಿದ್ದೆ, ಇವಳು ಮಲ್ಪೆಯಲ್ಲಿ ಕೂತು ಅದರ ಮೇಲೆ ಬುತ್ತಿ ಬಿಚ್ಚಿ ತಿಂದು ಬಂದಿದ್ದಾಳೆ.

"ಇನ್ನೊಂದು ಕೇಳು" ಎಂದಳು ಅವಳು. "ಸಮುದ್ರ ಬಂದಾಗಲೇ ಬೇರೆ ಆದವು ಅನ್ಕಬೇಡ. ಅದಕ್ಕೂ ಬೋ ಮುಂಚೇನೆ ನೆಲ ಎಳೆದಾಡಿ ತೆಳ್ಳಗಾಗಿ ಬಿರುಕು ಬಿಟ್ಟಿರ್ತದೆ. ಬಿರುಕಲ್ಲಿ ಉಕ್ಕಿದ ಕಲ್ಲು, ತುಂಬ್ಕಂಡ ಮಣ್ಣು, ಅದರ ವಯಸ್ಸೂ ನೋಡ್ತಾರೆ. ಎರಡು ಕಡೆ ನೆಲದಾಗೆ ಯಾವ ಕಾಲದವರೆಗೆ ಒಂದೇ ಥರ ಪ್ರಾಣಿ ಗಿಡ ಇದ್ದವು, ಯಾವಾಗಿಂದ ಬೇರೆ ಬೇರೆ ಆದವು, ಅದನ್ನೂ ನೋಡ್ತಾರೆ. ನೀರು ಬರೋದು ಕೊನೇಲಿ."

ಮಗಳ ಪ್ರಶ್ನೆ ನಿಂತಿತು ಎಂದರೆ ಅವಳು ಏನೋ ಹುಳ ಬಿಟ್ಟುಕೊಂಡಿದ್ದಾಳೆ ಎಂದೇ ಅರ್ಥ. ಮನೆಗೆ ಬಂದಾಗ "ಏನಂತೆ ನಿಮ್ಮ ಚಿಕ್ಕವ್ವ?" ಎಂದು ಕೇಳಿದೆ. "ಏನಿಲ್ಲ" ಎಂದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ, ಅದರಲ್ಲೂ ಪಕ್ಕದ ಹಿತ್ತಲಲ್ಲಿ ಬೇರೊಂದು ಗಿಡ ಇದ್ದರೆ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ನಡುಮನೆಯಲ್ಲಿ ಸುಣ್ಣ ಉದುರತೊಡಗಿತು. ರಾಗಿ ಮೂಟೆಗಳ ಹಿಂದೆ ಗೋಡೆಯಿಂದ ಚಕ್ಕೆ ಚಕ್ಕೆ ಎದ್ದು ಬಿದ್ದಿರುತ್ತಿತ್ತು. ಹೆಗ್ಗಣ ಸೇರಿಕೊಂಡಿದೆ ಎಂದು ನಾನು ಬೋನು ಇಟ್ಟೆ, ಬೋನಿಗೆ ಕೊಬ್ಬರಿ ಸಿಕ್ಕಿಸಿದೆ. ಕೊಬ್ಬರಿ ಹಾಗೇ ಇರುತ್ತಿತ್ತು, ಸುಣ್ಣ ಉದುರುತ್ತಲೇ ಇತ್ತು. ಮಗಳು ಬೋನಿನ ಪಕ್ಕದಲ್ಲೇ ಕೂತು ಓದಿಕೊಳ್ಳುತ್ತಿದ್ದಳು.

ಕಾರ್ತಿಕದಲ್ಲಿ ವಾರಗಿತ್ತಿ ನಮ್ಮ ಬಾಗಿಲಿಗೆ ಬಂದಳು. ಬಂದವಳು ಹೊಸಿಲ ಹೊರಗೇ ನಿಂತಳು. ಮೈದುನ ಪಾಂಡವಪುರದ ಕಡೆ ಗದ್ದೆ ಗುತ್ತಿಗೆಗೆ ಹಿಡಿದಿದ್ದಾನೆ, ತಾನೂ ಅಲ್ಲಿಗೆ ವರ್ಗಕ್ಕೆ ಹಾಕಿಕೊಂಡಿದ್ದೇನೆ, ಬೇಸಿಗೆಗೆ ಹೋಗುವುದು ಎಂದಳು. ನನ್ನ ಎದೆ ಹಗುರಾಯಿತು. ಮುಖದಲ್ಲಿ ಅಯ್ಯೋ ಎನ್ನುವ ಭಾವ ತಂದುಕೊಂಡೆ.

"ಅಕ್ಕ, ಒಂದ್ಮಾತು" ಎಂದಳು. "ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮಗೀನ ನನ್ನ ಜೊತೆ ಕಳ್ಸಿಕೊಡಿ. ಮನೆ ಹತ್ರಾನೇ ಕಾಲೇಜದೆ, ಸೈನ್ಸ್ ಓದ್ಲಿ. ನಾನು ನೋಡ್ಕತೀನಿ."

ಬಂದದ್ದು ಹೋಗುತ್ತೇನೆ ಎಂದು ಹೇಳುವುದಕ್ಕಲ್ಲ, ನನ್ನ ಮಗಳನ್ನು ಕಟ್ಟಿಕೊಂಡು ಹೋಗುತ್ತೇನೆ ಎಂದು ಹೇಳುವುದಕ್ಕೆ!

"ನಾಗಮಂಗಲದಲ್ಲಿ ಕಾಲೇಜು ಇಲ್ವಾ? ಬಸ್ಸಲ್ಲಿ ಓಡಾಡ್ಕಂಡು ಓದ್ತಾಳೆ ಬುಡು" ಎಂದೆ. "ಹೆತ್ತೋಳು ನಾನು ಇನ್ನೂ ಬದುಕಿವ್ನಿ."

ಅವಳ ಮುಖ ಸಣ್ಣದಾಯಿತು. "ಅಂಗಲ್ಲ ಅಕ್ಕ" ಎಂದಷ್ಟೇ ಹೇಳಿ ತಿರುಗಿ ಹೋದಳು. ಜಗುಲಿಯಲ್ಲಿ ಕೂತಿದ್ದ ನನ್ನ ಗಂಡ "ಮಗೀನ ಒಂದ್ಮಾತು ಕೇಳ್ಬುಡಮ್ಮಿ" ಎಂದರು. "ಅವಳನ್ನೇನು ಕೇಳೋದು" ಎಂದೆ. ನಿಜ ಹೇಳಬೇಕೆಂದರೆ ಕೇಳುವುದಕ್ಕೆ ನನಗೆ ಹೆದರಿಕೆ. ಅವಳು ಏನು ಹೇಳುತ್ತಾಳೆ ಎನ್ನುವುದು ಗೊತ್ತಿತ್ತಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ನಾಗಮಂಗಲದಲ್ಲಿ ತಾಲ್ಲೂಕಿನ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ. ನಮ್ಮ ಶಾಲೆಯ ಮಕ್ಕಳನ್ನು ನಾನೂ ಅವಳೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆವು. ಒಂದು ಕಡೆ ಜ್ವಾಲಾಮುಖಿ ಉಕ್ಕುತ್ತಿತ್ತು, ಇನ್ನೊಂದು ಕಡೆ ಗೋಬರ್ ಗ್ಯಾಸು. ನನ್ನ ಮಗಳ ಮೇಜಿನ ಮೇಲೆ ಏನೂ ಉಕ್ಕುತ್ತಿರಲಿಲ್ಲ. ಒಂದು ರಟ್ಟಿನ ಮೇಲೆ ಮೂರು ಸುಣ್ಣದ ಚಕ್ಕೆ ಅಂಟಿಸಿ, ಪಕ್ಕದಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದಳು. ಹಿಂದೆ ದೊಡ್ಡಕ್ಷರದಲ್ಲಿ, "ಬೇರೆಯಾದದ್ದು ಯಾವಾಗ? ಖಂಡಗಳು ಮತ್ತು ಒಂದು ಮನೆ."

ಒಂದು ಮನೆ! ಯಾರ ಮನೆ ಎಂದು ಬರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಬೋನಿಗೆ ಬೀಳದ ಹೆಗ್ಗಣ ಯಾವುದು ಎಂದು ಆಗ ತಿಳಿಯಿತು.

ತೀರ್ಪುಗಾರರಾಗಿ ಬಂದಿದ್ದ ವಯಸ್ಸಾದ ಮೇಷ್ಟ್ರು ಕನ್ನಡಕ ಏರಿಸಿಕೊಂಡು "ಏನವ್ವ ಇದು, ಸುಣ್ಣ ಕಿತ್ಕಂಡು ಬಂದಿದೀಯ?" ಎಂದರು. ಮಗಳು ಒಂದು ಚೂರೂ ತಡವರಿಸಲಿಲ್ಲ. ಸಮುದ್ರದ ತಳದ ಪಟ್ಟೆಗಳ ವಿಷಯವೆಲ್ಲ ಚಿಕ್ಕವ್ವ ಹೇಳಿದಂತೆ ಹೇಳಿ, ಆಮೇಲೆ ಮನೆಗೆ ಬಂದಳು.

"ಇದು ಎರಡಾದ ಒಂದು ಮನೆ ಸಾರ್. ವರ್ಷಕ್ಕೊಂದ್ಸಲ ಯುಗಾದಿಗೆ ಸುಣ್ಣ ಹೊಡೀತಾರೆ, ಒಂದೊಂದು ವರ್ಷ ಒಂದೊಂದು ಬಣ್ಣ ಕಲಸ್ತಾರೆ. ಚಕ್ಕೆಯ ಅಂಚನ್ನ ನೀರು ಹಾಕಿ ನಯವಾಗಿ ಉಜ್ಜಿದ್ರೆ ಪದರ ಪದರ ಕಾಣ್ತದೆ. ಇದು ಹಳೇ ಗೋಡೇಲಿ ಈ ಮನೆ ಕಡೆಯದು, ಇದು ಅದೇ ಗೋಡೇಲಿ ಆ ಮನೆ ಕಡೆಯದು. ಒಳಗಡೆ ನೋಡಿ, ಬಿಳಿ, ನೀಲಿ, ಹಳದಿ, ಮತ್ತೆ ಬಿಳಿ, ಎರಡರಲ್ಲೂ ಒಂದೇ. ಅಲ್ಲೀವರೆಗೆ ಒಂದೇ ಮನೆ. ಇಲ್ಲಿಂದ ಇದರಲ್ಲಿ ಹಸಿರು, ಅದರಲ್ಲಿ ನೀಲಿ. ಆಮೇಲೆ ಒಂದು ವರ್ಷವೂ ಬಣ್ಣ ಕೂಡಿಲ್ಲ."

"ಅಂದ್ರೆ ಅಲ್ಲಿ ಮಧ್ಯೆ ಗೋಡೆ ಕಟ್ಟಿದ್ರು ಅನ್ನು."

"ಇಲ್ಲ ಸಾರ್. ಈ ಮೂರನೇದು ಮಧ್ಯದ ಗೋಡೆಯ ಸುಣ್ಣ. ಅವೆರಡರಲ್ಲಿ ಬಣ್ಣ ಬೇರೆ ಆದಾಗಿಂದ ಎಣಿಸಿದ್ರೂ ಇದರಲ್ಲಿ ಎರಡು ಪದರ ಕಮ್ಮಿ ಅವೆ. ಬಣ್ಣ ಬೇರೆ ಆಗಿ ಎರಡು ಯುಗಾದಿ ಕಳೆದ ಮೇಲೆ ಗೋಡೆ ಬಂದದ್ದು. ಖಂಡಗಳೂ ಅಂಗೇ. ಮೊದಲು ಬಿರುಕು, ಆಮೇಲೆ ಸಮುದ್ರ."

ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, ತಲೆದೂಗಿ, "ಭೇಷ್. ಆದ್ರೆ ಈ ಮನೆ ಯಾಕೆ ಬೇರೆ ಆಯ್ತು?" ಎಂದರು.

ವಾರಗಿತ್ತಿ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಯಾಕೆ ಅಂತ ಸುಣ್ಣದಲ್ಲಿ ಗೊತ್ತಾಗಲ್ಲ ಸಾರ್" ಎಂದಳು ಮಗಳು. "ಯಾವಾಗ ಅಂತ ಮಾತ್ರ ಗೊತ್ತಾಯ್ತದೆ."

ಯಾಕೆ ಎಂದು ನನಗೆ ಗೊತ್ತಿತ್ತು. ಅವಳು ನಮ್ಮ ಶಾಲೆಗೆ ವರ್ಗವಾಗಿ ಬಂದ ವರ್ಷ ಅದು. ಯುಗಾದಿ ಹತ್ತಿರ ಬಂದಿತ್ತು, ಸುಣ್ಣ ಹೊಡೆಯುವವನು ಬಂದು ಅಂಗಳದಲ್ಲಿ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಚಿಕ್ಕೋಳಿಗೆ ನೀಲಿ ಇಷ್ಟ, ಈ ಸಲ ನೀಲೀನೆ ಕಲಸ್ಲಾ" ಎಂದುಬಿಟ್ಟರು. ಅಷ್ಟೇ ಮಾತು. ಬಣ್ಣ ಹೇಳುವುದು ನನ್ನ ಹಕ್ಕು ಎಂದು ಯಾವ ಶಾಸನದಲ್ಲೂ ಬರೆದಿರಲಿಲ್ಲ, ಆದರೆ ಮೇಷ್ಟ್ರಮ್ಮನನ್ನು ಕೇಳ್ರಪ್ಪ ಎಂಬ ಮಾತು ಆ ವರ್ಷ ಬರಲಿಲ್ಲ. ನಾನೇ ಅಂಗಡಿಗೆ ಹೋಗಿ ಹಸಿರು ಪುಡಿ ತಂದೆ. ನಡುಮನೆಯ ಗೋಡೆಯನ್ನು ಕಣ್ಣಳತೆಯಲ್ಲೇ ಅರ್ಧ ಮಾಡಿ ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆದು, "ನಮ್ಮ ಕೋಣೆ ಕಡೆ ಹಸಿರು ಹೊಡಿ, ಆ ಕಡೆ ನಿಂಗೆ ಯೋಳ್ದೋರು ಯೋಳ್ದಂಗೆ ಹೊಡ್ಕೋ" ಎಂದೆ. ಅತ್ತೆ ನನ್ನನ್ನೇ ನೋಡಿದರು. "ಒಂದು ಗ್ವಾಡೆಗೆ ಎಲ್ಡು ಬಣ್ಣ ಹೊಡ್ಸಬ್ಯಾಡ ಕಣವ್ವ" ಎಂದರು, ಅಷ್ಟೆ. ಎರಡು ವರ್ಷದ ಮೇಲೆ ಪಂಪಿನ ಜಗಳ ಬಂದು ಅಡ್ಡಗೋಡೆ ಕಟ್ಟುವ ದಿನ ಗಾರೆಯವನು ದಾರ ಹಿಡಿಯುವ ಗೋಜಿಗೇ ಹೋಗಲಿಲ್ಲ. ಎರಡು ಬಣ್ಣ ಸೇರುವ ಕಡೆ ಸಾಲಾಗಿ ಇಟ್ಟಿಗೆ ಇಟ್ಟುಕೊಂಡು ಹೋದ. ಅತ್ತೆ ಅದನ್ನು ನೋಡಲು ಇರಲಿಲ್ಲ.

ಹಸಿರು ಕೆಟ್ಟ ಬಣ್ಣವೇನಲ್ಲ, ಈಗಲೂ ಹೇಳುತ್ತೇನೆ. ಗೋಡೆಗೆ ಒಪ್ಪಿತ್ತು.

ಮಗಳಿಗೆ ಬಹುಮಾನ ಬಂತು. ವಾಪಸು ಬರುವ ಬಸ್ಸಿನಲ್ಲಿ ವಾರಗಿತ್ತಿಗೂ ನನಗೂ ಒಂದೇ ಸೀಟು ಸಿಕ್ಕಿತು. ನಾನು ಕಿಟಕಿಯ ಆಚೆ ನೋಡುತ್ತಾ, ಅವಳು ಬಾಯಿ ಬಿಡುವುದನ್ನೇ ಕಾಯುತ್ತಾ ಕೂತಿದ್ದೆ. ಜಗಳವಾಡಲಿ, ಬಯ್ಯಲಿ, ನಿನ್ನಿಂದ ಮನೆ ಒಡೀತು ಎನ್ನಲಿ. ಅದಕ್ಕೆಲ್ಲ ನನ್ನ ಹತ್ತಿರ ಉತ್ತರ ತಯಾರಿತ್ತು. ಕುರಿಯ ಮಂದೆಯೊಂದು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಾಗ ಅವಳು ಮೆಲ್ಲಗೆ ಕೇಳಿದಳು.

"ಆ ಹಸಿರ ನೀವು ಬೇಕಂತ ಹೊಡ್ಸಿದ್ದಾ ಅಕ್ಕ?"

ನಾನು ಕಿಟಕಿಯ ಕಂಬಿ ಹಿಡಿದುಕೊಂಡು ಕುರಿಗಳನ್ನು ಎಣಿಸತೊಡಗಿದೆ.

"ನಂಗೆ ಗೊತ್ತೇ ಇರ್ಲಿಲ್ಲ. ನಿಮ್ಮ ತೌರು ಕಡೆ ಅಂಗೆ ಅರ್ಧ ಅರ್ಧ ಹೊಡಿಸೋ ಪದ್ಧತಿಯೇನೋ ಅನ್ಕಂಡಿದ್ದೆ. ಎಷ್ಟು ಚೆಂದಾಗದೆ ಅಂತ ನಮ್ಮವ್ವನ ಮನೇಗೂ ಅದನ್ನೇ ಹೊಡ್ಸಿದೆ. ಈಗಲೂ ಅದೇ ಬಣ್ಣಾನೇ ಅದೆ ನೋಡಿ, ಕೆ.ಆರ್.ಪೇಟೆಗೆ ಬಂದಾಗ."

ಕುರಿಗಳು ದಾಟಿದವು, ಬಸ್ಸು ಹೊರಟಿತು. ಇಷ್ಟು ವರ್ಷ ಇವಳ ಮೇಲೆ ನಾನು ಹೊಟ್ಟೆ ಉರಿದುಕೊಂಡದ್ದು ಇವಳಿಗೆ ತಿಳಿದೇ ಇರಲಿಲ್ಲ. ನಾನು ಉಪ್ಪು ಹೆಚ್ಚು ಹಾಕಿದ ಸಾರನ್ನು ಉಂಡು, ನಾನು ಮಾತು ಬಿಟ್ಟ ತಿಂಗಳುಗಳನ್ನು ತಲೆನೋವೇನೋ ಎಂದುಕೊಂಡು, ನನ್ನ ಸಿಟ್ಟನ್ನು ಚೆಂದದ ಬಣ್ಣ ಅಂತ ತೌರಿಗೆ ಒಯ್ದು ಗೋಡೆಗೆ ಹೊಡೆಸಿದ್ದಾಳೆ! ಬೈದಿದ್ದರೆ ಅವತ್ತು ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಆ ನಿರಾಳ ಮುಖ ನೋಡಿ ಹೊಟ್ಟೆಕಿಚ್ಚು ಇಳಿಯುವುದಿರಲಿ, ಇಮ್ಮಡಿಯಾಯಿತು.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಒಳ್ಳೇ ಅಂಕ ಬಂದಿದ್ದವು. ಮಗಳು ಬಂದು ಯಾವ ಕಾಲೇಜು ಎಂದು ಕೇಳುತ್ತಾಳೆ, ನಾನು ನಾಗಮಂಗಲ ಎನ್ನಬೇಕು, ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು, ಹೀಗೆಲ್ಲ ಲೆಕ್ಕ ಹಾಕಿಕೊಂಡು ಕೂತಿದ್ದೆ. ಅವಳು ನನ್ನನ್ನು ಕೇಳಲೇ ಇಲ್ಲ. ಅಪ್ಪನನ್ನು ಕೇಳಿದಳು, ಅವರು ಹೂಂ ಎಂದರು. ನಾನು ಗಂಡನ ಮೇಲೆ ಹರಿಹಾಯ್ದೆ, ಎರಡು ಹೊತ್ತು ಊಟ ಬಿಟ್ಟೆ, ನನ್ನ ಹೆಣದ ಮೇಲೆ ಹೋಗಲಿ ಎಂದೆ. ಮಗಳು ಒಂದು ಮಾತೂ ಎದುರಾಡದೆ ತನ್ನ ಬಟ್ಟೆ ಒಗೆದು, ಒಣಗಿಸಿ, ಮಡಿಚಿ ಪೆಟ್ಟಿಗೆಗೆ ಇಟ್ಟುಕೊಂಡಳು. ಎದುರಾಡಿದ್ದರೆ ಗೆಲ್ಲುತ್ತಿದ್ದೆ. ಮಡಿಚಿದ ಬಟ್ಟೆಯ ಜೊತೆ ಯಾರು ಜಗಳವಾಡುತ್ತಾರೆ?

ಹೊರಡುವ ದಿನ ಬೆಳಿಗ್ಗೆ ಬಸ್‌ಸ್ಟಾಪಿಗೆ ನಾನೇ ಪೆಟ್ಟಿಗೆ ಹಿಡಿದುಕೊಂಡು ಹೋದೆ. ಚಕ್ಕುಲಿ, ಉಪ್ಪಿನಕಾಯಿ, ಹುರಿಗಾಳು ಎಲ್ಲ ಕಟ್ಟಿದ್ದೆ. ಅವಳ ಚಿಕ್ಕವ್ವ ಮಾಡುವುದಕ್ಕಿಂತ ಖಾರವಾಗಿಯೇ ಮಾಡಿದ್ದೆ. ಬಸ್ಸು ಬಂದು ನಿಂತಿತು. ವಾರಗಿತ್ತಿ ಸಾಮಾನು ಸಮೇತ ಮೊದಲೇ ಹತ್ತಿ ಪಕ್ಕದ ಸೀಟಿಗೆ ಟವಲು ಹಾಕಿ ಹಿಡಿದಿದ್ದಳು. ಮಗಳು ನನ್ನ ಕಾಲಿಗೆ ನಮಸ್ಕಾರ ಮಾಡಿ ಎದ್ದಳು. ಅವಳ ಕಣ್ಣು ಒಣಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮನೆ ಯಾವಾಗ ಬೇರೆ ಆಯ್ತು ಅಂತ ತಾಲ್ಲೂಕಿಗೆಲ್ಲ ಯೋಳ್ಕಂಡು ಬಂದೆ" ಎಂದೆ. "ನೀನು ನನ್ನಿಂದ ಯಾವಾಗ ಬೇರೆ ಆದೆ? ಅದನ್ನೂ ಲೆಕ್ಕ ಹಾಕಿದ್ದೀಯಾ?"

ಏನವ್ವ ಹಿಂಗಂತೀಯ ಎಂದು ಅವಳು ನನ್ನನ್ನು ತಬ್ಬಿಕೊಂಡು ಅಳಬೇಕು, ಕಿಟಕಿಯಲ್ಲಿ ಕೂತವಳು ಅದನ್ನು ನೋಡಬೇಕು. ಅದಕ್ಕೇ ಕೇಳಿದ್ದು ನಾನು.

ಅವಳು ಯೋಚನೆ ಕೂಡ ಮಾಡಲಿಲ್ಲ.

"ಅವತ್ತು ಕ್ಲಾಸಲ್ಲಿ ನಾನು ಕೇಳಿದಾಗ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಣ್ಣದ ಚಕ್ಕೆ ತೋರಿಸಿ ಮೇಷ್ಟ್ರಿಗೆ ಹೇಳಿದಳಲ್ಲ, ಅದೇ ದನಿ. "ಗೊತ್ತಿಲ್ಲ, ನಾಳೆ ನೋಡಿ ಯೋಳ್ತೀನಿ ಅಂತ ನೀನು ಅಂದಿದ್ರೆ ನಾನು ಚಿಕ್ಕವ್ವನ ಹತ್ರ ಓಯ್ತಾನೇ ಇರ್ಲಿಲ್ಲ ಕಣವ್ವ."

ಕಂಡಕ್ಟರು ಬಾಗಿಲು ತಟ್ಟಿದ. ಡ್ರೈವರು ಹಾರನ್ನು ಒತ್ತಿದ. ನನಗೆ ಏನಾದರೂ ಹೇಳಲೇಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿದೆ.

"ಹೊತ್ತಾಯ್ತು, ಓಗಿ ಕೂತ್ಕೋ."

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹತ್ತಿ ಹೋಗಿ, ಕೂತಳು.